ಅಮ್ಮನ ದನಿ ಇದ್ದ ಡಿಸ್ಕ್

ಮಾರ್ಚ್ ೧೧, ಮಂಗಳವಾರ

ಅಣ್ಣ ಸುಳ್ಳು ಹೇಳುತ್ತಿದ್ದಾನೆ ಎಂದು ಬೆಳಿಗ್ಗೆಯಿಂದ ಅನ್ನಿಸುತ್ತಲೇ ಇತ್ತು. ತೀರಿಹೋದ ಅಮ್ಮನ ದನಿಯ ರೆಕಾರ್ಡಿಂಗುಗಳೆಲ್ಲ ಇರುವ ಎಕ್ಸ್‌ಟರ್ನಲ್ ಡಿಸ್ಕನ್ನು ಕೇಳಲೆಂದು ಒಯ್ದವನು ಭಾನುವಾರ ತಂದುಕೊಟ್ಟ. ಕಂಪ್ಯೂಟರಿಗೆ ಹಾಕಿದರೆ ಫೈಲುಗಳಿದ್ದ ಪಾರ್ಟಿಶನ್ನೇ ಇಲ್ಲ. ಇಡೀ ಡಿಸ್ಕು ಖಾಲಿ ಎಂದು ತೋರಿಸಿತು. ಕೇಬಲ್ ಬದಲಿಸಿದೆ, ಆಫೀಸಿನ ಕಂಪ್ಯೂಟರಿಗೂ ಹಾಕಿದೆ. ಅದೇ ಕಥೆ.

ಫೋನು ಮಾಡಿದರೆ, "ನಾನೇನೂ ಮುಟ್ಟಿಲ್ಲ ಕಣೇ. ಹಳೇ ಡಿಸ್ಕು, ಕೆಟ್ಟಿರುತ್ತೆ. ಫಾರ್ಮ್ಯಾಟ್ ಮಾಡಿಬಿಡು" ಎಂದ. ಅಮ್ಮನ ದನಿಯೇ ಹೋಯಿತೆಂದರೂ ಅವನಿಗೆ ಗಾಬರಿಯಾಗಲಿಲ್ಲ. ಅಲ್ಲೇ ನನಗೆ ಏನೋ ಹೊಳೆಯಿತು.

ಮಧ್ಯಾಹ್ನ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯಾಕೆ ನೋಡಿ, "ಡಿಸ್ಕು ಚೆನ್ನಾಗೇ ಇದೆ. ಯಾರೋ ಪಾರ್ಟಿಶನ್ ಅಳಿಸಿದಾರೆ, ಅಷ್ಟೆ. ಫಾರ್ಮ್ಯಾಟ್ ಮಾಡದೆ ತಂದಿದ್ದು ಒಳ್ಳೇದಾಯ್ತು" ಎಂದಳು. ಅಳಿಸಿದ್ದನ್ನು ಹುಡುಕಿ ವಾಪಸು ತಂದುಕೊಟ್ಟಳು.

ಮನೆಗೆ ಬಂದು ಅಮ್ಮನ ಹಾಡುಗಳನ್ನು ಒಂದೊಂದೇ ಕೇಳಿದೆ. ಆಸ್ಪತ್ರೆಯಲ್ಲಿ ಮಾಡಿದ ರೆಕಾರ್ಡಿಂಗನ್ನು ನಾನು ಈವರೆಗೆ ಕೇಳುವ ಧೈರ್ಯ ಮಾಡಿರಲಿಲ್ಲ. ಅದರಲ್ಲಿ ಅಮ್ಮ ಹೇಳುತ್ತಾಳೆ: "ದೊಡ್ಡೋನು ಬರ್ತೀನಿ ಅಂತಾನೆ, ಬರಲ್ಲ. ನಾನಿನ್ನು ಕಾಯಲ್ಲ ಬಿಡು."

ಇದನ್ನು ಅಣ್ಣ ಒಬ್ಬನೇ ಕೂತು ಕೇಳಿದ್ದಾನೆ, ಕೇಳಿಯೇ ಅಳಿಸಿದ್ದಾನೆ. ಬೈಯಲೆಂದು ಎತ್ತಿಕೊಂಡ ಫೋನನ್ನು ಕೆಳಗಿಟ್ಟೆ.

ಸಂಜೆ ಅವನೇ ಫೋನು ಮಾಡಿದ. "ಏನಾದ್ರೂ ಸಿಕ್ತಾ?"

"ಹಾಡುಗಳು ಸಿಕ್ಕಿದ್ವು. ಆಸ್ಪತ್ರೆದು ಯಾವ್ದೂ ಸಿಗ್ಲಿಲ್ಲ."

"ಹಾಡು ಸಿಕ್ತಲ್ಲ, ಸಾಕು" ಎಂದ. ನಂಬಿದನೋ, ನಾನು ಸುಳ್ಳು ಹೇಳುತ್ತಿರುವುದು ಗೊತ್ತಾಗಿಯೇ ಸುಮ್ಮನಾದನೋ, ದನಿಯಲ್ಲಿ ಮಾತ್ರ ಏನೂ ತಿಳಿಯಲಿಲ್ಲ.