ಹಿತ್ತಿಲ ಗೋಡೆಯ ಕಂಡಿ

ಕಾಟಿಪಳ್ಳ
28 ಎಪ್ರಿಲ್ 2024, ಆದಿತ್ಯವಾರ

ಪ್ರೀತಿಯ ಪಪ್ಪಾ,

ನಿಮ್ಮ ಸೊಂಟನೋವು ಈಗ ಹೇಗುಂಟು? ಮುಲಾಮು ನಿಜವಾಗಿ ಹಚ್ಚುತ್ತೀರೋ, ಇಲ್ಲ ಹಚ್ಚಿದೆ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳುವುದು ಮಾತ್ರವೋ? ಜುಬೈಲಿನಲ್ಲಿ ಗಲ್ಫಿನ ಸೆಕೆ ಶುರುವಾಗಿರಬೇಕು. ನಾವಿಬ್ಬರೂ ಇಲ್ಲಿ ಸೌಖ್ಯ. ನಿಮ್ಮ ರೂಮಿನ ಯೋಗೀಶಣ್ಣ ರಜೆ ಮುಗಿಸಿ ನಾಳೆ ಹೊರಡುತ್ತಾರಲ್ಲ, ಹಪ್ಪಳ ಉಪ್ಪಿನಕಾಯಿ ಕಟ್ಟಿನೊಳಗೆ ಈ ಪತ್ರವನ್ನೂ ಇಡುತ್ತೇನೆ. ಫೋನಿನಲ್ಲಿ ಹೇಳಿದರೆ ನೀವು ಸ್ಪೀಕರ್ ಹಾಕಿ ಇಡೀ ರೂಮಿಗೆ ಕೇಳಿಸುತ್ತೀರಿ. ನನ್ನ ಕನ್ನಡ ನೋಡಿ ನಗಬೇಡಿ, ಹಾಸ್ಟೆಲಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಫೈನ್ ಇತ್ತು. ಮ್ಯಾತ್ಸ್ ಇಂಟರ್ನಲ್ಸಿನಲ್ಲಿ ಪಾಸಾಗಿದ್ದೇನೆ, ಟೆನ್ಶನ್ ಬೇಡ. (ನನಗೆ ಉಂಟು, ನಿಮಗೆ ಬೇಡ.)

ಪಪ್ಪಾ, ನಾನೊಂದು ದೊಡ್ಡ ಮಿಸ್ಟೇಕ್ ಮಾಡಿದೆ. ಹತ್ತು ದಿನದ ಹಿಂದೆ ಅಮ್ಮ ಮುಲ್ಕಿಗೆ ದೊಡ್ಡಮ್ಮನ ಮನೆಗೆ ಹೋಗಿದ್ದಳು, ಮನೆಗೆ ನಾನೇ ಇನ್‌ಚಾರ್ಜ್. ಬಾವಿಕಟ್ಟೆ ರಿಪೇರಿಗೆ ಬಂದಿದ್ದ ಲೋಕಯ್ಯ ಮೇಸ್ತ್ರಿಯ ಹತ್ತಿರ ಒಂದಷ್ಟು ಕೆಂಪುಕಲ್ಲು ಉಳಿದಿತ್ತು. ಹಿತ್ತಿಲ ಕಾಂಪೌಂಡಿನಲ್ಲಿ, ಪೇರಳೆ ಮರದ ಬದಿಗೆ, ಒಬ್ಬರು ನುಸುಳುವಷ್ಟು ಕಂಡಿ ಉಂಟಲ್ಲ, ಅದನ್ನೂ ಮುಚ್ಚಿಬಿಡಿ ಎಂದೆ. ‘ಅಮ್ಮ ಬರಲಿ, ಕೇಳಿ ಮಾಡುವ’ ಎಂದರು ಅವರು. ‘ನಾನು ಹೇಳ್ತಾ ಇದ್ದೇನಲ್ಲ’ ಎಂದೆ, ಡಿಗ್ರಿ ಮುಗಿಸಿದ ಇಂಜಿನಿಯರಿನ ಹಾಗೆ. ಎಂಟು ವರ್ಷ ಹಾಸ್ಟೆಲಿನಲ್ಲಿ ಇದ್ದವಳಿಗೆ ಕಾಂಪೌಂಡಿನ ಕಂಡಿ ಎಂದರೆ ವಾರ್ಡನ್‌ಗೆ ರಿಪೋರ್ಟ್ ಮಾಡುವ ವಿಷಯ. ಅದು ದಾರಿ ಎಂದು ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಹಿಂದಿನ ಮನೆಯ ಹಬೀಬಕ್ಕ ಕೊಡಪಾನ ಹಿಡಿದು ಗೋಡೆಯಾಚೆ ನಿಂತಿದ್ದರು. ಬೇಸಿಗೆಯಲ್ಲಿ ಅವರ ಬಾವಿ ಬತ್ತುವುದು, ಇಪ್ಪತ್ತು ವರ್ಷದಿಂದ ನಮ್ಮ ಬಾವಿಯ ನೀರೇ ಒಯ್ಯುವುದು, ಇದೆಲ್ಲ ಅಮ್ಮ ಆಮೇಲೆ ನೆನಪಿಸಿದ್ದು. ಹಬೀಬಕ್ಕ ಜಗಳ ಮಾಡಲಿಲ್ಲ. ಸಿಮೆಂಟು ಆರದ ಕಲ್ಲುಗಳನ್ನು ನೋಡಿ ಒಳಗೆ ಹೋದರು. ಅಮ್ಮ ಬಂದವಳೇ, ‘ಎಂತ ಮಾಡಿದ್ದಿ ಮಾರಾಯ್ತಿ! ನೀನು ನಡೆಯಲಿಕ್ಕೆ ಕಲಿತದ್ದೇ ಆ ಕಂಡಿ ದಾಟಿ ಅವರ ಮನೆಗೆ ಓಡಲಿಕ್ಕೆ’ ಎಂದಳು. ಅವತ್ತೇ ಲೋಕಯ್ಯನವರನ್ನು ಕರೆಸಿ ಕಲ್ಲು ತೆಗೆಸಿದಳು.

ಕಂಡಿ ಈಗ ಮೊದಲಿನ ಹಾಗೆ ಉಂಟು, ಹಬೀಬಕ್ಕ ಮಾತ್ರ ಅದರಿಂದ ಬರುವುದಿಲ್ಲ. ಅಮ್ಮ ಒತ್ತಾಯ ಮಾಡಿ ಕರೆದದ್ದಕ್ಕೆ ಮೊನ್ನೆ ಬಂದರು, ಮೊಣಕಾಲು ನೋವು ಇಟ್ಟುಕೊಂಡು ರೇಷನ್ ಅಂಗಡಿ ಸುತ್ತಿ, ಎದುರಿನ ಗೇಟಿನಿಂದ. ಬೆಲ್ ಹೊಡೆದರು ಪಪ್ಪಾ! ಅಡುಗೆಮನೆಯಲ್ಲಿ ಮಣೆ ಎಳೆದು ಕೂರುವವರು ಸೋಫಾದ ತುದಿಯಲ್ಲಿ ಕುಳಿತು, ‘ಚಾ ಬೇಡ, ಈಗ ಕುಡಿದದ್ದಷ್ಟೇ’ ಎಂದರು. ನೀರಿಗೆ ಟ್ಯಾಂಕರ್ ತರಿಸುತ್ತಾರಂತೆ. ಈಗಿನ ದಿನಗಳಲ್ಲಿ ನಮ್ಮ ಮನೆಯವರು ಅವರ ಕಡೆಗೆ ಗೋಡೆ ಎಬ್ಬಿಸಿದರೆ ಅವರು ಎಂತ ಅಂದುಕೊಂಡಿರಬಹುದು ಎಂದು ಯೋಚಿಸಿದರೆ ನನಗೆ ಊಟ ಸೇರುವುದಿಲ್ಲ. ‘ಸರಿಯಾಗ್ತದೆ’ ಎನ್ನುತ್ತಾಳೆ ಅಮ್ಮ. ಹೇಗೆ ಅಂತ ಹೇಳುವುದಿಲ್ಲ.

ಬಿಸಿಲಲ್ಲಿ ಕೆಲಸ ಮಾಡುವಾಗ ನೀರು ಕುಡಿಯಲು ಮರೆಯಬೇಡಿ. ನನ್ನ ಮೇಲೆ ಸಿಟ್ಟು ಬಂದರೂ ಊಟ ಬಿಡಬೇಡಿ.

ನಿಮ್ಮ ಮಗಳು,
ನಿರೀಕ್ಷಾ

ತಾ.ಕ.: ಒಂದು ವಿಷಯ ಬರೆಯಲು ಹೆದರಿದ್ದೆ. ಅವತ್ತು ಗೋಡೆಯಾಚೆಯಿಂದ ಹಬೀಬಕ್ಕ, ‘ಪಪ್ಪ ಹೇಳಿದ್ದಾ ಮಗಾ?’ ಎಂದು ಕೇಳಿದ್ದರು. ನಾನು ಹೆದರಿ ಹೌದು ಎಂದುಬಿಟ್ಟೆ. ಇದು ಅಮ್ಮನಿಗೂ ಗೊತ್ತಿಲ್ಲ. ನಿಮ್ಮ ಹೆಸರನ್ನು ಹಾಗೆ ಬಿಟ್ಟು ಲಕೋಟೆ ಅಂಟಿಸಲು ಮನಸ್ಸಾಗಲಿಲ್ಲ. ಈಗಷ್ಟೇ ಹೋಗಿ, ಮುಚ್ಚಿಸಿದ್ದು ನಾನೇ, ಪಪ್ಪನಿಗೆ ಗೊತ್ತೇ ಇಲ್ಲ ಎಂದು ಹೇಳಿ ಬಂದೆ. ಅವರು ಸರಿಯಾಗಿ ಬೈದರು: ‘ಆ ಗೋಡೆ ಒಡೆದು ದಾರಿ ಮಾಡಿಕೊಟ್ಟದ್ದೇ ನಿನ್ನ ಪಪ್ಪ. ಅವನೇ ಮುಚ್ಚಿಸಿದ ಅಂತ ನನಗೆ ಇಷ್ಟು ದಿನ ನಿದ್ದೆ ಇಲ್ಲ, ಗೊತ್ತುಂಟಾ?’ ಕೊನೆಗೆ, ನಾಲ್ಕು ಗಂಟೆಗೆ ಚಾ ಕುಡಿಯಲು ಬರುತ್ತೇನೆ, ಅಷ್ಟರೊಳಗೆ ಅಮ್ಮನಿಗೆ ನೀನೇ ಹೇಳಿರಬೇಕು ಎಂದರು. ಈಗ ಮೂರೂವರೆ. ಮಲಗಿದ್ದ ಅಮ್ಮ ಎದ್ದ ಸದ್ದು ಕೇಳಿಸಿತು, ಹೋಗುತ್ತೇನೆ.