ಕಂಬವಿಲ್ಲದ ಸಭಾಂಗಣ

ಶನಿವಾರ, ಜೂನ್ ೧೪

ಪ್ರೀತಿಯ ಪುಟ್ಟೀ,

ಹೇಗಿದ್ದೀಯೇ? ನೀನು ಬರೆದ ಚಿತ್ರ ಕೈಸೇರಿ ಬಹಳ ದಿನವಾಯಿತು. ಉತ್ತರ ಹಾಕದ ಅಕ್ಕನನ್ನು ಮನಸ್ಸಿನಲ್ಲೇ ಎಷ್ಟು ಬೈದುಕೊಂಡಿರುವೆಯೋ! ಬೈ, ಆದರೆ ಪೂರ್ತಿ ಓದಿ ಬೈ. ಈ ವಯಸ್ಸಿನಲ್ಲಿ ಮತ್ತೆ ಅ ಆ ಇ ಈ ಇಂದ ಶುರು ಮಾಡಿದ್ದೆ ನಾನು.

ನೆನಪಿದೆಯಾ, ನಿನ್ನ ಶಾಲೆಯ ನಾಟಕದ ದಿನ ನನಗೂ ಅಮ್ಮನಿಗೂ ಸಿಕ್ಕಿದ್ದು ಕಂಬದ ಹಿಂದಿನ ಜಾಗ? ರಾಣಿಯಾಗಿದ್ದ ನಿನ್ನ ಎಡಗೈ ಒಂದೇ ನಮಗೆ ಕಂಡದ್ದು. ಅಮ್ಮ ಇವತ್ತಿಗೂ ಆ ಕೈಯ ಅಭಿನಯವನ್ನೇ ಹೊಗಳುತ್ತಾಳೆ. ಈಗ ಒಂದು ಶಾಲೆಯವರು ನಮ್ಮ ಆಫೀಸಿಗೆ ಬಂದು, ನಡುವೆ ಒಂದೂ ಕಂಬವಿಲ್ಲದ ಸಭಾಂಗಣ, ಅದರ ತಲೆಯ ಮೇಲೆ ತರಗತಿಗಳು ಬೇಕು ಎಂದರು. ಸಾಹೇಬರು ನನ್ನ ಕಡೆ ತಿರುಗಿ, "ಕಂಬ ಕಂಡ್ರೆ ಉರಿದು ಬೀಳೋರು ನೀವೇ ತಾನೆ? ನೀವೇ ಮಾಡಿ. ಪೋಸ್ಟ್ ಟೆನ್ಷನ್ ಕಲೀಬೇಕು, ಸಾಫ್ಟ್‌ವೇರ್ ಯಾವ್ದು ಕೊಳ್ಳೋದು ಅಂತಾನೂ ನೀವೇ ಹೇಳ್ಬೇಕು. ಆಗಲ್ಲ ಅನ್ಸಿದ್ರೆ ಈಗ್ಲೇ ಹೇಳಿ, ಹೊರಗಿನೋರಿಗೆ ಕೊಡ್ತೀನಿ" ಎಂದರು. ಬಿಡುತ್ತೇನೆಯೇ? ಒಪ್ಪಿಕೊಂಡೆ.

ಪೋಸ್ಟ್ ಟೆನ್ಷನ್ ಅಂದರೆ ಇಷ್ಟೇ ಕಣೇ. ಕಾಂಕ್ರೀಟ್ ಹಾಕುವ ಮುಂಚೆ ಕೊಳವೆಗಳೊಳಗೆ ಉಕ್ಕಿನ ಕೇಬಲ್ ಮಲಗಿಸುತ್ತೇವೆ. ಎರಡು ತುದಿಯಲ್ಲಿ ಎತ್ತರ, ನಡುವೆ ಬಟ್ಟೆ ಒಣಹಾಕಿದ ಹಗ್ಗದ ಹಾಗೆ ಜೋತು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಜಾಕ್ ಹಚ್ಚಿ ಎಳೆದು ಬಿಗಿಯುತ್ತೇವೆ. ಜೋತ ಕೇಬಲ್ ನೆಟ್ಟಗಾಗಲು ಹೋಗಿ ಸ್ಲ್ಯಾಬನ್ನು ಮೇಲಕ್ಕೆ ನೂಕುತ್ತದೆ. ಇದು ಅರ್ಥವಾದ ದಿನ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ, ಹಾಲು ಉಕ್ಕಿ ಚೆಲ್ಲಿತು.

ಸಾಫ್ಟ್‌ವೇರ್ ಎರಡು ತರಿಸಿ ನೋಡಿದೆವು. ಒಂದು ಮದುಮಗಳ ಹಾಗೆ, ಮೈತುಂಬ ಬಣ್ಣ. ಇನ್ನೊಂದು ಬೋಳಪ್ಪ, ಏನಿದ್ದರೂ ಬರೀ ಅಂಕಿ, ಅಕ್ಷರ. ಪಕ್ಕದ ಮೇಜಿನ ಇಂಜಿನಿಯರ್ ಹುಡುಗಿ, ನಾವೆಲ್ಲ ಪಟಪಟಿ ಎನ್ನುವವಳು, ಮದುಮಗಳಿಗೇ ಮನಸೋತಳು. ನಾನು ಅದರಲ್ಲೇ ಲೆಕ್ಕ ಮಾಡಿ ಹೆಮ್ಮೆಯಿಂದ ತೋರಿಸಿದರೆ ಬಿದ್ದು ಬಿದ್ದು ನಕ್ಕಳು. "ಅಕ್ಕಾ, ಕೇಬಲ್ ತಲೆಕೆಳಗಾಗಿದೆ! ನಡುವೆ ಗುಡ್ಡ ಹತ್ತಿ ಸ್ಲ್ಯಾಬನ್ನ ಕೆಳಗೇ ತಳ್ತಿದೆ. ಹಸಿರಿರ್ಬೇಕಾದ ಕಡೆ ಪೂರ್ತಿ ಕೆಂಪು ಹೊಡೀತಿದೆ, ಕಾಣ್ಸಿಲ್ವಾ?" ತಳದಿಂದ ಅಳೆದ ಎತ್ತರವನ್ನು, ಮೇಲಿನಿಂದ ಅಳೆಯುವ ಸಾಫ್ಟ್‌ವೇರಿಗೆ ಕೊಟ್ಟುಬಿಟ್ಟಿದ್ದೆ! ಅದೇ ತಪ್ಪನ್ನು ಬೇಕೆಂದೇ ಬೋಳಪ್ಪನಿಗೂ ಉಣಿಸಿದೆ. ಅವನು "ಕೇಬಲ್ ಕೆಳಕ್ಕೆ ನೂಕುತ್ತಿದೆ" ಎಂದು ದಪ್ಪ ಅಕ್ಷರದಲ್ಲಿ ಬರೆದು, ಮುಂದೆ ಹೋಗಲು ಬಿಡದೆ ಹಟ ಹಿಡಿದು ಕುಳಿತ. ಇವನೇ ಇರಲಿ ಎಂದೆ. ಸಾಹೇಬರು, "ಅಷ್ಟು ಚಂದದ್ದು ಬಿಟ್ಟು ಈ ಮೋರೆ ಯಾಕ್ರೀ?" ಎಂದು ರೇಗಿಸಿದರು. "ಮೋರೆ ಹ್ಯಾಗಾದ್ರೂ ಇರ್ಲಿ ಸಾರ್, ಮಾತು ನೆಟ್ಟಗಿದೆ" ಎಂದೆ.

ನಿನ್ನೆ ಬಿಗಿಯುವ ದಿನ. ಎಳೆದ ಕೇಬಲ್ ನಾನು ಲೆಕ್ಕ ಹಾಕಿದಷ್ಟು ಉದ್ದವಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು, ಹೊರಗಿನವರು ಬರುತ್ತಿದ್ದರು. ಜಾಕ್ ಗುರ್ ಎನ್ನುವಾಗ ನಾನು ಲೆಕ್ಕದ ಹಾಳೆಯನ್ನೇ ಮತ್ತೆ ಮತ್ತೆ ಓದಿದೆ. ಮೇಸ್ತ್ರಿ ಅಳತೆಪಟ್ಟಿ ಹಿಡಿದು, "ಮೇಡಮ್, ನೀವು ಕೊಟ್ಟ ಅಂಕಿಗೇ ಬಂತು!" ಎಂದು ಕೂಗಿದ. ಕೆಳಗೆ ಓಡಿಹೋಗಿ ನೋಡಿದರೆ, ಸ್ಲ್ಯಾಬ್ ಮೇಲೆದ್ದಿದೆ, ನಡುವೆ ಆಸರೆಗೆಂದು ನಿಲ್ಲಿಸಿದ್ದ ಸೆಂಟ್ರಿಂಗ್ ಕಂಬಗಳ ತಲೆ ಅದಕ್ಕೆ ತಾಗುತ್ತಲೇ ಇಲ್ಲ! ಚೀಲದಲ್ಲಿದ್ದ ನಿನ್ನ ಚಿತ್ರದ ಲಕೋಟೆಯನ್ನು ಆ ಸಂದಿಗೆ ತೂರಿಸಿದೆ, ಸಲೀಸಾಗಿ ಆಚೆ ಬಂತು. ಕಣ್ಣು ತುಂಬಿ ಬಂತು ಕಣೇ. ಪಟಪಟಿ ನನ್ನನ್ನು ಅಪ್ಪಿ ಹಿಡಿದು ಗಿರಗಿರ ತಿರುಗಿಸಿಬಿಟ್ಟಳು.

ಅಮ್ಮ ಆರಾಮಾಗಿದ್ದಾಳೆ. ಸಭಾಂಗಣ ಮುಗಿದಾಗ ಮೊದಲ ಸಾಲು ಬೇಡವಂತೆ, ನಟ್ಟನಡುವೆಯೇ ಕೂರುತ್ತಾಳಂತೆ. ನೀನೂ ಬಾ. ನಿನ್ನ ಕುಂಚ ಯಾವತ್ತೂ ಒಣಗದಿರಲಿ, ನೂರ್ಕಾಲ ನಗುತ್ತಿರು.

ನಿನ್ನ
ಅಕ್ಕ

ತಾ.ಕ.: ಪಟಪಟಿ "ಕಾಣ್ಸಿಲ್ವಾ" ಎಂದ ಮೇಲೆ ಕಣ್ಣಿನ ಡಾಕ್ಟರ ಬಳಿ ಹೋದೆ. ಕೆಂಪು, ಹಸಿರು ಎರಡೂ ನನ್ನಿಂದ ಮೆಲ್ಲಗೆ ದೂರವಾಗುತ್ತಿವೆಯಂತೆ, ಹೋದದ್ದು ವಾಪಸು ಬರುವುದಿಲ್ಲವಂತೆ. ಗೆರೆ, ಅಕ್ಷರಕ್ಕೆ ತೊಂದರೆಯಿಲ್ಲ. ಸಾಹೇಬರಿಗೆ ಹೇಳಿದ್ದೇನೆ, ಅಮ್ಮನಿಗೆ ಹೇಳಿಲ್ಲ. ನಿನ್ನ ಚಿತ್ರದ ಬಗ್ಗೆ ಏನು ಬರೆಯಲಿ ಎಂದು ತೋಚದೆ ಇಷ್ಟು ದಿನ ಸುಮ್ಮನಿದ್ದೆ ಪುಟ್ಟೀ. ಹೂವು ಎಲ್ಲಿ ಮುಗಿದು ಎಲೆ ಎಲ್ಲಿ ಶುರುವಾಗುತ್ತದೋ ನನಗೆ ತಿಳಿಯಲಿಲ್ಲ. ಇನ್ನು ಮೇಲೆ ಚಿತ್ರದ ಹಿಂಬದಿಯಲ್ಲಿ ಬಣ್ಣಗಳ ಹೆಸರು ಬರೆದು ಕಳಿಸು. ಓದಿಕೊಂಡು ನೋಡುತ್ತೇನೆ.