ಐವತ್ತೆರಡು ಹೆಂಚು

ಸೋಮವಾರ, ಜೂನ್ ಒಂಬತ್ತು

ಮಗಳೇ,

ನಿನಗೆ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವ ಹಾಗಿಲ್ಲ. ಮನುಷ್ಯರು ಕ್ಷೇಮ, ಸೂರು ಅಲ್ಲ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ಆ ಕಡೆಯಿಂದ ನೀನು ಬಾಯಿ ಹಾಕುತ್ತೀಯ, ಈ ಕಡೆಯಿಂದ ನಿನ್ನ ಅತ್ತಿಗೆ ಕಿವಿ ಹಾಕುತ್ತಾಳೆ. ಕಾಗದಕ್ಕೆ ಆ ಎರಡು ಕಾಟವೂ ಇಲ್ಲ.

ಗುರುವಾರ ಸಂಜೆಯ ಗಾಳಿ ಕಾಲು ಗಂಟೆಯೂ ಇರಲಿಲ್ಲ. ಅಷ್ಟರಲ್ಲೇ ಎದುರು ಮನೆಯ ನೀರಿನ ಟ್ಯಾಂಕು ಉರುಳಿಕೊಂಡು ಬಂದು ನಮ್ಮ ಗೇಟಿಗೆ ಒರಗಿತು. ನಮ್ಮ ಚಾವಣಿಯ ಪಡುವಣ ಮೈಯ ಹೆಂಚುಗಳು ಎದ್ದು ಹಾರಿದವು. ನಡುಕೋಣೆಯಲ್ಲಿ ನಿಂತರೆ ಆಕಾಶ ಕಾಣುತ್ತಿತ್ತು. ನಿನ್ನಣ್ಣ ಬಸ್ ಡಿಪೋದಿಂದ ಬಂದವನು ಬಕೆಟ್ಟು, ಡಬ್ಬಿ, ನೀರು ಕಾಯಿಸುವ ಹಂಡೆ, ಕೈಗೆ ಸಿಕ್ಕಿದ್ದನ್ನೆಲ್ಲ ಸೋರುವಲ್ಲಿಟ್ಟ. ನಿನ್ನ ಅತ್ತಿಗೆ ಟೀವಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಮಂಚದ ಕೆಳಗೆ ಕೂತಳು. ಮನೆ ವಿಮೆಯ ಕಂತು ತಪ್ಪದೆ ಕಟ್ಟಿಕೊಂಡು ಬಂದವಳು ನಾನು, ನನಗೆ ಗಾಬರಿ ಇರಲಿಲ್ಲ. ಗಾಬರಿ ಶುರುವಾದದ್ದು ಮರುದಿನ ನಿನ್ನ ಗಂಡ ಬಂದಿಳಿದ ಮೇಲೆ.

ಅವನನ್ನು ಕರೆದವರು ಯಾರು? ನೀನು ಕಳಿಸಿದೆ, ಅವನು ಬಂದ. ಮದುವೆಯಾಗಿ ಏಳು ವರ್ಷದಲ್ಲಿ ಮೂರನೆಯ ಸಲ ಈ ಹೊಸಿಲು ದಾಟಿದ್ದಾನೆ. ಎದುರಿಗೆ ನೀವು ಎನ್ನುತ್ತೇನೆ, ಕಾಗದದಲ್ಲಿ ಅವನು ಎನ್ನುತ್ತೇನೆ. ಕಾಗದಕ್ಕೆ ದಾಕ್ಷಿಣ್ಯವಿಲ್ಲ. ಹೆಂಚು ಹೊದಿಸುತ್ತ ಊರವರ ನೆತ್ತಿಯ ಮೇಲೆ ನಡೆದು ಬದುಕುವವನಿಗೆ ನನ್ನ ಮಗಳನ್ನು ಕೊಡುವುದಿಲ್ಲ ಎಂದಿದ್ದೆ. ನಾನು ಕೊಡಲಿಲ್ಲ, ನೀನೇ ಹೋದೆ. ಅದನ್ನು ಈಗ ಕೆದಕುವುದಿಲ್ಲ. ಈಗಿನದನ್ನು ಮಾತ್ರ ಕೇಳು.

ಶುಕ್ರವಾರ ಮಧ್ಯಾಹ್ನ ಬಂದವನೇ ಚೀಲ ಇಳಿಸಿ, ಏಣಿ ಒರಗಿಸಿ, ಮೇಲೆ ಹತ್ತಿದ. ನಿನ್ನಣ್ಣ ತಾನೂ ಬರುತ್ತೇನೆಂದರೆ, "ಬೇಡ ಭಾವ, ಹೆಂಚು ಒದ್ದೆ ಇದೆ, ನೀವು ಕೆಳಗೇ ಇರಿ" ಎಂದು ತಡೆದ. ಯಾಕೆ ತಡೆಯಬೇಕು? ಮೇಲೆ ಒಬ್ಬನೇ ಇದ್ದ, ಮುಕ್ಕಾಲು ಗಂಟೆ. ಒಡೆದ ಹೆಂಚಿನ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೆದು, ಒಂದೊಂದರದೂ ಫೋಟೋ ತೆಗೆದು, ನೀಲಿ ಟಾರ್ಪಾಲು ಹೊದಿಸಿ ಇಳಿದ. ಟೀ ಕುಡಿಯುತ್ತಾ ನನ್ನ ಮುಖ ನೋಡದೆ ಹೇಳಿದ: "ಐವತ್ತೆರಡು ಆಗಿದೆ ಅತ್ತೆ."

ಐವತ್ತೆರಡಂತೆ! ಆ ದಿನ ಬೆಳಿಗ್ಗೆ ನಾನು ಎಣಿಸಿದ್ದೆ. ಮೂವತ್ತೊಂದು. ಬೆಳಗಿನಿಂದ ಮಧ್ಯಾಹ್ನದವರೆಗೆ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಹಾಗಾದರೆ ಉಳಿದ ಇಪ್ಪತ್ತೊಂದು ಹೆಂಚು ತಾವಾಗಿಯೇ ಎದೆಯೊಡೆದುಕೊಂಡು ಸತ್ತವೇ? ನಾನು ಹೈಸ್ಕೂಲಿನವರೆಗೆ ಮಾತ್ರ ಓದಿದವಳು ನಿಜ, ಆದರೆ ಕಳೆಯುವ ಲೆಕ್ಕ ಪ್ರೈಮರಿಯಲ್ಲೇ ಕಲಿಸುತ್ತಾರೆ.

ಇನ್ನೊಂದು ಕೇಳು. ಆ ಸಂಜೆ ಅಡುಗೆಮನೆಯಲ್ಲಿ ನಿನ್ನ ಅತ್ತಿಗೆಯೂ ಅವನೂ ಗುಸುಗುಸು ಮಾಡುತ್ತಿದ್ದರು. ಅವಳು ಏನು ಹೇಳಿದಳೋ ಕೇಳಲಿಲ್ಲ. ಅವನು, "ಹೇಳ್ಬೇಡಿ ಅಕ್ಕ, ಇದು ನಮ್ಮಿಬ್ರಲ್ಲೇ ಇರ್ಲಿ" ಎಂದದ್ದು ಸ್ಪಷ್ಟವಾಗಿ ಕೇಳಿತು. ನಾನು ಒಳಗೆ ಹೋದರೆ ಇಬ್ಬರೂ ಬಾಯಿಗೆ ಬೀಗ. ಅವಳಿಗೆ ಅಡುಗೆಮನೆಯ ಮೇಲೂ ಹೊಸ ಚಾವಣಿ ಬೇಕೆಂದು ಎರಡು ವರ್ಷದಿಂದ ಆಸೆ. ಅವನಿಗೆ ಕೆಲಸ ಬೇಕು. ಗಾಳಿ ಒಡೆದಷ್ಟೇ ಸಾಲದು ಎಂದು ಇವರು ಕೈ ಸೇರಿಸಿದ್ದಾರೆ.

ಹೋದ ವರ್ಷ ನೀನು ಎಷ್ಟು ಹೆಮ್ಮೆಯಿಂದ ಬರೆದಿದ್ದೆ: ವಿಮೆ ಕಂಪನಿಯ ಪಟ್ಟಿಗೆ ಇವರ ಹೆಸರು ಸೇರಿತು, ಇನ್ನು ಮೇಲೆ ಕಂಪನಿಯೇ ಕರೆದು ರಿಪೇರಿ ಕೆಲಸ ಕೊಡುತ್ತದೆ, ನಾಲ್ಕು ವರ್ಷ ಅಲೆದದ್ದು ಸಾರ್ಥಕವಾಯಿತು ಎಂದು. ಪಟ್ಟಿಗೆ ಸೇರಿದ ಮೇಲೆ ಕಲಿತ ವಿದ್ಯೆಯೋ ಇದು, ಮೊದಲಿನಿಂದ ಇದ್ದದ್ದೋ? ಅವನನ್ನು ಕೇಳಿ ನನಗೆ ಬರೆ. ಬುಧವಾರ ಕಂಪನಿಯ ಸರ್ವೇಯರ್ ಹಾನಿ ನೋಡಲು ಬರುತ್ತಾರೆ. ಅಷ್ಟರಲ್ಲಿ ನಿನ್ನ ಉತ್ತರ ಬಾರದಿದ್ದರೆ ನನಗೆ ತೋಚಿದ್ದು ನಾನು ಮಾಡುತ್ತೇನೆ.

ನಿನ್ನ ಅಮ್ಮ


ಗುರುವಾರ, ಜೂನ್ ಹನ್ನೆರಡು

ಮಗಳೇ,

ನಿನ್ನ ಉತ್ತರ ಸರ್ವೇಯರ್ ಹೋದ ಮೇಲೆ ಬಂತು. ಮೂರೇ ಸಾಲು. ಅದರಲ್ಲಿ ಒಂದು, "ಅವರು ಹಾಗಲ್ಲ ಅಮ್ಮ." ಹೇಗೆ ಎಂದು ಬರೆಯಲು ಇನ್ನೊಂದು ಸಾಲು ಖರ್ಚಾಗುತ್ತಿತ್ತೇ?

ಸರ್ವೇಯರ್ ಎಂದರೆ ಯಾರೋ ಕನ್ನಡಕದ ಗಂಡಸು ಬರುತ್ತಾನೆ ಎಂದುಕೊಂಡಿದ್ದೆ. ಬಂದವಳು ಮೂವತ್ತು ದಾಟದ ಹುಡುಗಿ. ತಲೆಗೆ ಹೆಲ್ಮೆಟ್ಟು, ಕಾಲಿಗೆ ರಬ್ಬರ್ ತಳದ ಬೂಟು. ಟೀ ಬೇಡ ಎಂದಳು, ಕುರ್ಚಿ ಬೇಡ ಎಂದಳು, ಏಣಿಯನ್ನು ಎರಡು ಸಲ ಅಲುಗಿಸಿ ನೋಡಿ ಹತ್ತಿದಳು. ನನಗೆ ಇಷ್ಟವಾದಳು. ನಿನ್ನ ಗಂಡ ಅವಳಿಗೆ ಮೊದಲೇ, "ಇವರು ನಮ್ಮ ಅತ್ತೆ ಮೇಡಂ, ಅದನ್ನ ಫಾರಮ್ಮಲ್ಲಿ ಬರ್ದಿದ್ದೀನಿ" ಎಂದು ಹೇಳಿದ. ಬಹಳ ಪ್ರಾಮಾಣಿಕನಂತೆ ಕಾಣಬೇಕಲ್ಲ!

ಟಾರ್ಪಾಲು ಮಡಿಸಿ ಇಬ್ಬರೂ ಮೇಲೆ ಓಡಾಡಿದರು. ನಾನು ಅಂಗಳದಲ್ಲಿ ನಿಂತು ಕೇಳುತ್ತಿದ್ದೆ. ಅವಳು ಹೇಳಿದಳು, ಪಡುವಣ ಅಂಚಿನವೆಲ್ಲ ಗಾಳಿ ಒಡೆದವು, ಮೂಲೆ ಹಾರಿವೆ, ಚೂರು ಚೆಲ್ಲಿವೆ. ಆದರೆ ಇಲ್ಲೊಂದು ಸಾಲು ಇದೆ, ಏಣಿಯ ಹತ್ತಿರದಿಂದ ನೆತ್ತಿಯವರೆಗೆ, ಅಲ್ಲಿಂದ ವಾಪಸು. ಇವು ಜಾಗ ಬಿಟ್ಟು ಕದಲಿಲ್ಲ, ನಡುವೆ ಸೀಳಿವೆ. "ಇದು ಗಾಳಿ ಅಲ್ಲ, ಇದು ಕಾಲು. ಯಾರು ನಡ್ದಿದ್ದು?"

ನಿನ್ನ ಗಂಡ ತಡಮಾಡಲಿಲ್ಲ. "ನಾನೇ ಮೇಡಂ. ಟಾರ್ಪಾಲು ಎಳೆಯೋವಾಗ."

"ಎರಡು ಹೆಂಚು ಕೂಡೋ ಕಡೆ, ಕೆಳಗೆ ಮರದ ರೀಪು ಇರೋ ಕಡೆ ಕಾಲಿಡ್ಬೇಕು ಅಂತ ಗೊತ್ತಿಲ್ವಾ ನಿಮ್ಗೆ? ಹೆಂಚಿನ ಹೊಟ್ಟೆ ಮೇಲೆ ನಡೀತಾರಾ ಯಾರಾದ್ರೂ? ಪಟ್ಟೀಲಿರೋ ಕೆಲಸಗಾರ ನೀವು!"

"ತಪ್ಪಾಯ್ತು ಮೇಡಂ."

"ಒಂದಾದ್ರೆ ತಪ್ಪು. ಇಪ್ಪತ್ತೊಂದಕ್ಕೆ ಏನಂತಾರೆ?"

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಅವರು ಇಳಿದು ಬಂದಾಗ ಅವನು ನನ್ನ ಮುಖ ನೋಡಿದ. ಬಂದ ದಿನದಿಂದ ನೋಡದವನು ಆಗ ನೋಡಿದ. ನಾನು ಸರ್ವೇಯರಿಗೆ ಹೇಳಿದೆ: ಇದು ಕಾಲು ತಪ್ಪಿ ಆದದ್ದಲ್ಲ, ಬೇಕೆಂದೇ ಆದದ್ದು, ಇವರು ಬರುವ ಮೊದಲೇ ನಾನು ಎಣಿಸಿದ್ದೆ, ಆಗ ಇದ್ದದ್ದು ಮೂವತ್ತೊಂದೇ. ಎಲ್ಲಿಂದ ಎಣಿಸಿದಿರಿ ಎಂದು ಕೇಳಿದಳು. ಕೆಳಗಿನಿಂದ ಎಂದೆ. ಅವಳು ಒಂದು ಗಳಿಗೆ ಚಾವಣಿಯನ್ನೂ ನನ್ನನ್ನೂ ನೋಡಿ, ಹೇಳಿದ್ದನ್ನು ಬರೆದುಕೊಂಡು, ಸಹಿ ಮಾಡಿ ಎಂದಳು. ಮಾಡಿದೆ.

ನಿನ್ನ ಅತ್ತಿಗೆ ಬಾಗಿಲಲ್ಲಿ ನಿಂತು ಸೆರಗು ಹಿಂಡುತ್ತಿದ್ದಳು. ಅವಳ ಪಾಲು ಕೈತಪ್ಪಿತಲ್ಲ, ಹಿಂಡಲಿ. ನಿನ್ನ ಗಂಡ ಟಾರ್ಪಾಲನ್ನು ಮತ್ತೆ ಬಿಗಿಯಾಗಿ ಕಟ್ಟಿ, ಮೂಲೆಗಳಿಗೆ ಮರಳಿನ ಚೀಲ ಇಟ್ಟು, "ಬರ್ತೀನಿ ಅತ್ತೆ, ಮಳೆ ಬಂದ್ರೆ ನಡುಕೋಣೇಲಿ ಮಲಗ್ಬೇಡಿ" ಎಂದು ಹೇಳಿ ಹೊರಟ. ತಪ್ಪು ಮಾಡದವನಾಗಿದ್ದರೆ ಜಗಳವಾಡುತ್ತಿದ್ದ. ನಾನಾಗಿದ್ದರೆ ಬೀದಿಯವರನ್ನೆಲ್ಲ ಸೇರಿಸುತ್ತಿದ್ದೆ.

ಈಗ ನೀನು ಏನು ಬೇಕಾದರೂ ಬರೆ.

ಅಮ್ಮ


ಶನಿವಾರ, ಜೂನ್ ಇಪ್ಪತ್ತೊಂದು

ಮಗಳೇ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಬೇಕೆಂದೇ ಹಾನಿ ಮಾಡಿದ್ದಕ್ಕೆ ಇಪ್ಪತ್ತೈದನೆಯ ತಾರೀಖಿನೊಳಗೆ ಕಾರಣ ಹೇಳಬೇಕು, ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂದು ಕಂಪನಿ ನಿನ್ನ ಗಂಡನಿಗೆ ಬರೆದಿದೆ ಎಂದೆ ನೀನು. ಹೆಸರು ಹೋದರೆ ಬೇರೆ ಕಂಪನಿಯೂ ಹತ್ತಿರ ಸೇರಿಸದು, ಮತ್ತೆ ಮನೆ ಮನೆ ಬಾಗಿಲು ತಟ್ಟಬೇಕು ಎಂದೆ. ಅವರು ಮನೆಯಲ್ಲಿ ಏನೂ ಹೇಳುತ್ತಿಲ್ಲ, ಕೇಳಿದರೆ ಎದ್ದು ಹೋಗುತ್ತಾರೆ ಎಂದೆ. ಕೊನೆಗೆ, "ನೀನು ಸಹಿ ಮಾಡಿದೆಯಾ ಅಮ್ಮ?" ಎಂದು ಕೇಳಿದೆ.

ಮಾಡಿದೆ ಎಂದು ಆಗಲೇ ಬರೆದಿದ್ದೇನೆ. ಎರಡು ಸಲ ಏಕೆ ಕೇಳುತ್ತೀಯ?

ಆ ಪತ್ರವನ್ನು ನಿನ್ನ ಅತ್ತಿಗೆಯೂ ಓದಿದಳು. ಕೇಳಿ ಓದಲಿಲ್ಲ, ತೆಗೆದುಕೊಂಡು ಓದಿದಳು. ಹನ್ನೊಂದು ವರ್ಷದಲ್ಲಿ ನನ್ನೆದುರು ಕುರ್ಚಿಯಲ್ಲಿ ಕೂರದವಳು ಕುರ್ಚಿ ಎಳೆದುಕೊಂಡು ಕೂತಳು. "ಇನ್ನು ಸುಮ್ನಿರೋಕೆ ನನ್ ಕೈಲಿ ಆಗಲ್ಲ ಅತ್ತೆ. ಶುಕ್ರವಾರ ಬೆಳಿಗ್ಗೆ ನೀವು ಏಣಿ ಹತ್ತಿದ್ದು ನಾನು ನೋಡ್ದೆ. ಬಚ್ಚಲು ಕಿಟಕೀಲಿ. ಕೆಳಗೆ ಇಳ್ಸೋಣ ಅಂದ್ರೆ ಕೂಗಿದ್ರೆ ಎಲ್ಲಿ ಬೆಚ್ಚಿ ಬೀಳ್ತೀರೋ ಅಂತ ಉಸಿರು ಹಿಡ್ಕೊಂಡು ನಿಂತಿದ್ದೆ" ಎಂದಳು.

ಹೌದು. ಹತ್ತಿದ್ದೆ. ನಿನ್ನಣ್ಣ ಐದಕ್ಕೆ ಡಿಪೋಗೆ ಹೋದ ಮೇಲೆ ಹತ್ತಿದೆ. ಕಂಪನಿಯವರು ಒಂದು ಹೇಳಿದರೆ, ಕೆಲಸದವರು ಒಂದು ಹೇಳಿದರೆ, ನನ್ನ ಮನೆಯ ಲೆಕ್ಕ ನನ್ನ ಹತ್ತಿರ ಇರಬೇಕು ಎಂದು ಹತ್ತಿದೆ. ಅರವತ್ತನಾಲ್ಕಕ್ಕೆ ಏಣಿ ಹತ್ತಬಾರದು ಎಂದು ಯಾವ ಕಾನೂನೂ ಇಲ್ಲ. ಎಲ್ಲಿ ಕಾಲಿಡಬೇಕು ಎಂದು ನನಗೆ ಯಾರು ಹೇಳಿಕೊಟ್ಟಿದ್ದರು?

ಅಡುಗೆಮನೆಯ ಗುಸುಗುಸು ಅದೇ. ಮೇಲೆ ಹೋದ ಕೂಡಲೇ ಹೆಜ್ಜೆಯ ಸಾಲು ನಿನ್ನ ಗಂಡನ ಕಣ್ಣಿಗೆ ಬಿದ್ದಿತ್ತು. ಎತ್ತರದ ಮನುಷ್ಯ, ಅವರ ಒಂದು ಹೆಜ್ಜೆಗೆ ನನ್ನವು ಎರಡು. ಯಾರ ಕಾಲು ಎಂದು ನಿನ್ನ ಅತ್ತಿಗೆಯನ್ನು ಕೇಳಿದರು, ಅವಳು ಹೇಳಿದಳು. ಮನೆಯವರೇ ಒಡೆದರು ಅಂತ ಕಂಪನಿಗೆ ಸಂಶಯ ಬಂದರೆ ಇಡೀ ಕ್ಲೇಮೇ ಬಿದ್ದುಹೋಗುತ್ತದೆ, ತನ್ನ ಕಾಲು ಎಂದರೆ ಅಷ್ಟು ಹೆಂಚಿನ ದುಡ್ಡು ಮಾತ್ರ ಹಿಡಿಯುತ್ತಾರೆ, ಅತ್ತೆಗೆ ಗೊತ್ತಾಗುವುದೂ ಬೇಡ ಎಂದರಂತೆ. ಅವರು ಬೇಕೆಂದೇ ಒಡೆದರು ಎಂದು ನಾನು ಬರೆಸುತ್ತೇನೆ ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ.

ನಿನ್ನೆ ಕಂಪನಿಯ ಆಫೀಸಿಗೆ ಹೋದೆ. ನಿನ್ನ ಅತ್ತಿಗೆ ಜೊತೆಗೆ ಬಂದಳು, ಬೇಡವೆಂದರೂ ಬಂದಳು. ಎರಡನೆಯ ಮಹಡಿ, ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಟೋಕನ್ನು. ನನ್ನ ಸರದಿ ಬರಲು ಒಂದೂವರೆ ಗಂಟೆ. ಆ ಸರ್ವೇಯರ್ ಹುಡುಗಿ ನನ್ನನ್ನು ನೋಡಿ ಎದ್ದು ನಿಂತಳು. ಹಿಂದಿನ ಹೇಳಿಕೆ ತಪ್ಪು, ಆ ಇಪ್ಪತ್ತೊಂದನ್ನು ಒಡೆದದ್ದು ನಾನು, ಕೆಲಸಗಾರನದು ಏನೂ ತಪ್ಪಿಲ್ಲ, ತಿಳಿಯದೆ ಆಯಿತು ಎಂದು ನನ್ನ ಕೈಯಲ್ಲೇ ಬರೆದುಕೊಟ್ಟೆ. ಅವಳು ಓದಿ, "ನಂಗೆ ಆವತ್ತೇ ಅನ್ನಿಸ್ತು ಅಮ್ಮ. ಆ ಚಾವಣಿ ಅಂಗಳದಿಂದ ಅರ್ಧ ಕೂಡ ಕಾಣಲ್ಲ. ಆದ್ರೆ ಅವರೇ ಒಪ್ಕೊಂಡ್ರು, ನೀವು ಸಹಿ ಹಾಕಿದ್ರಿ, ನಾನೇನು ಮಾಡ್ಲಿ?" ಎಂದಳು. ಪಟ್ಟಿಯ ವಿಷಯ ಮೇಲಿನವರಿಗೆ ಇವತ್ತೇ ಕಳಿಸುತ್ತೇನೆ, ಹೆಸರು ಉಳಿಯಬಹುದು ಎಂದಳು. ನಮ್ಮ ಕ್ಲೇಮಿನ ವಿಷಯ ಹೇಳಲಾಗದು, ಹೇಳಿಕೆ ಬದಲಾದರೆ ಮೊದಲಿನಿಂದ ಪರಿಶೀಲನೆ, ಪೂರ್ತಿ ತಿರಸ್ಕಾರವಾದರೂ ಆಗಬಹುದು ಎಂದಳು. ಆಗಲಿ ಎಂದು ಹೇಳಿ ಬಂದೆ. ಬರುವಾಗ ಬಸ್ಸಿನಲ್ಲಿ ನಿನ್ನ ಅತ್ತಿಗೆ ನನ್ನ ಕೈಚೀಲವನ್ನು ತಾನೇ ಹಿಡಿದುಕೊಂಡಳು. ಅಷ್ಟು ಬುದ್ಧಿ ಅವಳಿಗೆ ಇದೆ.

ಟಾರ್ಪಾಲು ಗಟ್ಟಿಯಾಗಿದೆ. ನಿನ್ನೆಯ ಮಳೆಗೆ ಒಂದು ಹನಿಯೂ ಇಳಿಯಲಿಲ್ಲ. ಇದನ್ನು ಕಟ್ಟಿದವರಿಗೆ ಹೇಳು.

ನಿನ್ನ ಅಮ್ಮ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕಂಪನಿಗೆ "ತಿಳಿಯದೆ ಆಯಿತು" ಎಂದು ಬರೆದುಕೊಟ್ಟೆನಲ್ಲ, ಅದು ಸುಳ್ಳು. ಮೊದಲನೆಯ ಹೆಂಚು ಕಾಲಡಿಯಲ್ಲಿ ಸೀಳಿದಾಗಲೇ ಸದ್ದು ಕೇಳಿತು. ಎರಡನೆಯದೂ ಕೇಳಿತು. ಇಳಿದುಬಿಡಬಹುದಿತ್ತು, ಅರ್ಧಕ್ಕೆ ಇಳಿಯುವ ಜಾತಿ ನಾನಲ್ಲ. ಗಾಳಿಯವು ಮೂವತ್ತೊಂದು, ನನ್ನವು ಇಪ್ಪತ್ತೊಂದು, ಎರಡನ್ನೂ ಎಣಿಸಿಕೊಂಡೇ ಇಳಿದೆ. ನಿನ್ನ ಗಂಡ ಟೀ ಲೋಟ ಹಿಡಿದು ಐವತ್ತೆರಡು ಎಂದಾಗ ಲೆಕ್ಕ ಸರಿಯಾಗಿದೆ ಎಂದು ನನಗೆ ಗೊತ್ತಿತ್ತು. ಒಡೆದವಳು ನಾನೆಂದು ಇವನು ಊರಿಗೆಲ್ಲ ಹೇಳುತ್ತಾನೆ ಎಂದುಕೊಂಡೆ, ಅವನಿಗಿಂತ ಮೊದಲು ನಾನು ಬಾಯಿ ತೆರೆದೆ. ಅಷ್ಟೇ ನಡೆದದ್ದು. ಇದನ್ನು ಅವರಿಗೆ ಓದಿ ಹೇಳು. ಬಿಡಿಸಿ ಹೇಳಬೇಡ, ನಿನ್ನ ಮಾತು ಸೇರಿಸಬೇಡ, ಬರೆದ ಹಾಗೆಯೇ ಓದು. ಓದಿದ ಮೇಲೂ ನನ್ನ ಮನೆಯ ಸೂರು ಹತ್ತಲು ಅವರಿಗೆ ಮನಸ್ಸಿದ್ದರೆ, ಕ್ಲೇಮು ಬರಲಿ ಬಿಡಲಿ, ಬರಲು ಹೇಳು.